2016ರಲ್ಲಿ ಬೆಂಗಳೂರಲ್ಲಿ ಎರಡು ಹೋರಾಟ ಗೆದ್ವು, ನಮಗೆ ನೆನಪಿರೋದು ಹ್ಯಾಶ್‌ಟ್ಯಾಗ್ ಇದ್ದಿದ್ದು ಮಾತ್ರ ಯಾಕೆ?

ಬೊಮ್ಮನಹಳ್ಳಿ_ಹುಡುಗ
ಮೊನ್ನೆ ಆಫೀಸಲ್ಲಿ ಊಟಕ್ಕೆ ಕೂತಾಗ ಬೆಂಗಳೂರು ಕೆಳಗೆ ಕೊರೀಬೇಕು ಅಂತಿರೋ ಟನಲ್ ರೋಡ್ ಮಾತು ಬಂತು. ಒಬ್ರು ಹೇಳಿದ್ರು, ಒಂದು ಒಳ್ಳೆ ಹ್ಯಾಶ್‌ಟ್ಯಾಗ್ ಬಿಟ್ರೆ ಸಾಕು, ಸ್ಟೀಲ್ ಫ್ಲೈಓವರ್ ಯೋಜನೆ ಹಂಗೇ ತಾನೆ ರದ್ದಾಗಿದ್ದು ಅಂತ. ಎಲ್ರೂ ಹೌದೌದು ಅಂದ್ರು. ನಂಗೆ ಮಾತ್ರ ಏನೋ ಸರಿ ಅನ್ನಿಸ್ಲಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ಸ್ಟೀಲ್ ಫ್ಲೈಓವರ್ ಗಲಾಟೆ ಆಗಿದ್ದು 2016ರ ಅಕ್ಟೋಬರ್‌ನಲ್ಲಿ. ಅದೇ ವರ್ಷ ಏಪ್ರಿಲ್ 18, 19ಕ್ಕೆ ಇದೇ ಊರಲ್ಲಿ ಏನಾಯ್ತು ಅಂತ ಕೇಳಿದ್ರೆ ಆ ಟೇಬಲ್‌ನಲ್ಲಿ ಒಬ್ರಿಗೂ ನೆನಪಿಲ್ಲ. ಗಾರ್ಮೆಂಟ್ಸ್ ಹೆಂಗಸ್ರು ರೋಡಿಗೆ ಬಂದಿದ್ರು ಸ್ವಾಮಿ. ಹೊಸೂರ್ ರೋಡು, ತುಮಕೂರ್ ರೋಡು, ಜಾಲಹಳ್ಳಿ ಕ್ರಾಸು, ಪೀಣ್ಯ, ಎಲ್ಲಾ ಬಂದ್. ಕೇಂದ್ರ ಸರ್ಕಾರ ಆ ವರ್ಷ ಫೆಬ್ರವರಿಲಿ ಒಂದು ರೂಲ್ ತಂದಿತ್ತು, ಪಿಎಫ್‌ನಲ್ಲಿ ಕಂಪನಿ ಕಟ್ಟೋ ಪಾಲನ್ನ 58 ವರ್ಷ ಆಗೋವರೆಗೂ ಬಿಡಿಸ್ಕೊಳ್ಳಂಗಿಲ್ಲ ಅಂತ. ಆಫೀಸಲ್ಲಿ ಕೂರೋರಿಗೆ ಅದು ಏನೂ ಅನ್ಸಲ್ಲ. ಗಾರ್ಮೆಂಟ್ಸ್‌ನಲ್ಲಿ 58 ವರ್ಷದವರೆಗೆ ಯಾರ್ರೀ ಮಿಷಿನ್ ತುಳೀತಾರೆ? ನಲವತ್ತಕ್ಕೆ ಸೊಂಟ ಹೋಗಿರುತ್ತೆ, ಕಣ್ಣು ಹೋಗಿರುತ್ತೆ. ಒಂದು ಫ್ಯಾಕ್ಟರಿ ಬಿಟ್ಟು ಇನ್ನೊಂದಕ್ಕೆ ಸೇರೋ ಮಧ್ಯ ಆ ಪಿಎಫ್ ದುಡ್ಡು ಬಿಡಿಸ್ಕೊಂಡೇ ಮಕ್ಕಳ ಫೀಸು, ಮನೆ ಅಡ್ವಾನ್ಸು, ಚೀಟಿ ಬಾಕಿ ಎಲ್ಲಾ ನಡೀತಿತ್ತು.

ನಮ್ಮಮ್ಮ ಆಗ ಒಂದು ಗಾರ್ಮೆಂಟ್ಸಲ್ಲಿ ಟೈಲರ್, ಕಾಲರ್ ಕೂರ್ಸೋ ಲೈನು. ಬೆಳಿಗ್ಗೆ ಬುತ್ತಿ ಕಟ್ಕೊಂಡು ಡ್ಯೂಟಿಗೆ ಅಂತಾನೇ ಹೋಗಿದ್ದು, ಗೇಟ್ ಹತ್ರ ಪಕ್ಕದ ಫ್ಯಾಕ್ಟರಿಯವ್ರು ಬಂದು ಕೂಗಿದ್ರಂತೆ, ಇವ್ರೂ ಹೊರಟ್ರು. ಯೂನಿಯನ್ ಲೀಡರ್ ಇಲ್ಲ, ಬ್ಯಾನರ್ ಇಲ್ಲ, ಮೈಕ್ ಇಲ್ಲ. ಕತ್ತಲ್ಲಿ ಐಡಿ ಕಾರ್ಡು, ಸೀರೆ ಮೇಲೆ ನೂಲಿನ ಚೂರು, ಚಪ್ಪಲಿ ಒಂದು ಕಾಲಿಂದು ಎಲ್ಲೋ ಹೋಗಿತ್ತು. ಎರಡನೇ ದಿನ ಬಸ್ಸಿಗೆ ಬೆಂಕಿ, ಹೆಬ್ಬಗೋಡಿಲಿ ಪೊಲೀಸ್ ಸ್ಟೇಷನ್ ಮುಂದೆ ಗಾಡಿಗಳು ಸುಟ್ವು, ಲಾಠಿ ಚಾರ್ಜು, ಆಮೇಲೆ ಕೇಸುಗಳು. 19ನೇ ತಾರೀಕು ಸಂಜೆ ದೆಹಲಿಯವ್ರು ರೂಲ್ ವಾಪಸ್ ತಗೊಂಡ್ರು. ಎರಡೇ ದಿನ. ದೇಶದಲ್ಲಿ ಪಿಎಫ್ ಇರೋ ಪ್ರತಿಯೊಬ್ಬರಿಗೂ, ನನ್ ಜೊತೆ ಊಟಕ್ಕೆ ಕೂತಿದ್ದ ಸಾಫ್ಟ್‌ವೇರ್‌ನವ್ರಿಗೂ ಸೇರಿ, ಆ ಹೆಂಗಸ್ರು ಗೆದ್ದುಕೊಟ್ಟಿದ್ದು.

ನನ್ ಪ್ರಶ್ನೆ ಇಷ್ಟೇ. ಹ್ಯಾಶ್‌ಟ್ಯಾಗ್ ನಿಜವಾಗ್ಲೂ ಗೆಲ್ಸುತ್ತಾ, ಇಲ್ಲಾ ಗೆದ್ದಮೇಲೆ ಹೆಸರು ಯಾರಿಗೆ ಸಿಗಬೇಕು ಅನ್ನೋದನ್ನ ತೀರ್ಮಾನ ಮಾಡುತ್ತಾ?

ಕೆಂಪುಬಸ್ಸು
ಇದಕ್ಕೆ ಚರ್ಚೆ ಬೇರೆ ಬೇಕಾ ಗುರು. ಸೋಫಾ ಮೇಲೆ ಕೂತು ಕಾಫಿ ಕುಡೀತಾ ಟ್ವೀಟ್ ಒತ್ತೋರು, ಮೊದಲು ನಾಲ್ಕು ಲಾಠಿ ತಿಂದು ಬರ್ಲಿ ಆಮೇಲೆ ಹೋರಾಟಗಾರರು ಅಂತ ಕರೆಯೋಣ.

ನೀಲಿ_ಸೈಕಲ್
ಕೆಂಪುಬಸ್ಸು ಅವ್ರೇ, ಲಾಠಿ ತಿನ್ನೋದೇ ಕ್ವಾಲಿಫಿಕೇಶನ್ ಆದ್ರೆ ಊರಲ್ಲಿ ಹೋರಾಟ ಮಾಡೋರೇ ಇರಲ್ಲ.

ನಾನು 2016 ಅಕ್ಟೋಬರ್ 16ಕ್ಕೆ ಆ ಮಾನವ ಸರಪಳಿಲಿ ನಿಂತಿದ್ದೋನು. ಭಾನುವಾರ ಬೆಳಿಗ್ಗೆ. ಟ್ವಿಟ್ಟರ್‌ನಲ್ಲಿ #ಸ್ಟೀಲ್‌ಫ್ಲೈಓವರ್‌ಬೇಡ ಅಂತ ಓಡಿದ್ದು ನಿಜ, ಆದ್ರೆ ಬರೀ ಅದ್ರಿಂದ ಯೋಜನೆ ನಿಂತಿದ್ದು ಅನ್ನೋರು ಅರ್ಧ ಕಥೆ ಮಾತ್ರ ಹೇಳ್ತಿದಾರೆ. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದ ಕಡೆಗೆ ಸುಮಾರು 6.7 ಕಿಲೋಮೀಟರ್ ಸ್ಟೀಲ್ ಬ್ರಿಡ್ಜ್, 1,791 ಕೋಟಿ, 812 ಮರ ಕಡೀಬೇಕು, ಈ ಮೂರು ನಂಬರ್‌ನ ಹಿಡ್ಕೊಂಡು ಜನ ಅಪಾರ್ಟ್‌ಮೆಂಟ್ ಅಪಾರ್ಟ್‌ಮೆಂಟ್ ತಿರುಗಿದ್ರು. ಯಾವ ಏರಿಯಾದವ್ರು ಯಾವ ಜಾಗದಲ್ಲಿ ನಿಲ್ಲಬೇಕು, ಸರ್ವಿಸ್ ರೋಡ್ ಬ್ಲಾಕ್ ಆಗಬಾರ್ದು, ವಯಸ್ಸಾದವ್ರಿಗೆ ನೆರಳಿರೋ ಕಡೆ ಜಾಗ, ಇದೆಲ್ಲಾ ಫೋನಲ್ಲೇ ಕೂತು ಮಾಡಿದ ಕೆಲಸ, ಆದ್ರೆ ನಿಲ್ಲೋಕೆ ಮೈ ಬೇಕಿತ್ತು. ಕೈ ಹಿಡ್ಕೊಂಡು ನಿಂತಾಗ ನನ್ ಎಡಗಡೆ ಒಬ್ರು ರಿಟೈರ್ಡ್ ಮೇಷ್ಟ್ರು, ಬಲಗಡೆ ಕಾಲೇಜ್ ಹುಡುಗಿ, ಇಬ್ರೂ ಟ್ವಿಟ್ಟರ್ ಅಕೌಂಟೇ ಇಲ್ಲದೋರು. ಹುಡುಗಿಗೆ ಅವಳ ಚಿಕ್ಕಮ್ಮ ವಾಟ್ಸಾಪಲ್ಲಿ ಕಳ್ಸಿದ್ರಂತೆ.

ಆಮೇಲೆ ಯೋಜನೆ ನಿಂತಿದ್ದು ಹೇಗೆ? ಅಕ್ಟೋಬರ್ ಕೊನೇಲಿ ಹಸಿರು ನ್ಯಾಯಮಂಡಳಿ ತಡೆ ಕೊಡ್ತು, ಅದಕ್ಕೆ ಅರ್ಜಿ ಹಾಕ್ದೋರು, ವಕೀಲರು ಬೇರೇನೇ ಇದ್ರು. ಅದಾದ್ಮೇಲೆ ಕಿಕ್‌ಬ್ಯಾಕ್ ಆರೋಪ, ವಿರೋಧ ಪಕ್ಷದವ್ರ ಗಲಾಟೆ, 2018ರ ಎಲೆಕ್ಷನ್ ಬೇರೆ ಹತ್ರ. 2017 ಮಾರ್ಚ್ 2ಕ್ಕೆ ಸಚಿವ ಜಾರ್ಜ್ ಯೋಜನೆ ಕೈಬಿಟ್ವಿ ಅಂದ್ರು, ಅವ್ರು ಕೊಟ್ಟ ಕಾರಣನೂ ಆರೋಪಗಳೇ ಹೊರತು ನಮ್ಮ ಟ್ಯಾಗ್ ಅಲ್ಲ. ಆದ್ರೂ ನಾನು ಹೇಳ್ತೀನಿ ಟ್ಯಾಗ್ ಇಲ್ದೇ ಹೋಗಿದ್ರೆ ಆ ಭಾನುವಾರ ಅಷ್ಟು ಸಾವಿರ ಜನ ಬರ್ತಿರ್ಲಿಲ್ಲ, ಜನ ಬರದೇ ಹೋಗಿದ್ರೆ ಪೇಪರ್‌ನವ್ರು ಅಷ್ಟು ಬರೀತಿರ್ಲಿಲ್ಲ. ಒಂದಕ್ಕೊಂದು ಸಿಕ್ಕಾಕೊಂಡಿರೋ ವಿಷ್ಯ ಇದು.

ಬೊಮ್ಮನಹಳ್ಳಿ_ಹುಡುಗ
ಸೈಕಲ್ ಸರ್, ನೀವು ಹೇಳಿದ್ದು ಒಪ್ತೀನಿ, ಆದ್ರೆ ಒಂದು ಗಮನಿಸಿ. ನಿಮ್ಮ ಕಡೆ ಆರ್ಕಿಟೆಕ್ಟು, ರಂಗಭೂಮಿಯವ್ರು, ವಕೀಲರು, ಇಂಗ್ಲಿಷ್ ಪೇಪರ್‌ಗೆ ಕಾಲ್ ಮಾಡಿದ್ರೆ ಎತ್ತೋರು ಇದ್ರು. ನಮ್ಮಮ್ಮನ ಹತ್ರ ಇದ್ದಿದ್ದು ಕೀಪ್ಯಾಡ್ ಫೋನು. ಅದೇ ಹೊಸೂರ್ ರೋಡಲ್ಲಿ ಸಿಕ್ಕಾಕೊಂಡಿದ್ದ ಐಟಿ ಕಂಪನಿಯವ್ರು ಅವತ್ತು ಟ್ವಿಟ್ಟರ್‌ನಲ್ಲಿ ಬರ್ದಿದ್ದು ಪಿಎಫ್ ಬಗ್ಗೆ ಅಲ್ಲ, ಟ್ರಾಫಿಕ್ ಬಗ್ಗೆ.

ಟ್ರೆಂಡು_ತಮ್ಮ
ಸರಿ ಹಂಗಾದ್ರೆ ಟ್ಯಾಗ್ ಪರವಾಗಿ ಯಾರಾದ್ರೂ ಮಾತಾಡ್ಬೇಕಲ್ಲ, ನಾನೇ ಮಾತಾಡ್ತೀನಿ.

2017ರ ಜೂನ್. ಮೆಟ್ರೋ ಹಸಿರು ಲೈನ್ ಪೂರ್ತಿ ಓಪನ್ ಆದ್ಮೇಲೆ ಬೋರ್ಡ್‌ಗಳಲ್ಲಿ ಹಿಂದಿ ಯಾಕೆ ಅಂತ #ನಮ್ಮಮೆಟ್ರೋಹಿಂದಿಬೇಡ ಶುರುವಾಯ್ತು. ನಾನು ಆಗ ಡಿಗ್ರಿ ಲಾಸ್ಟ್ ಇಯರ್, ಹಾಸನದಲ್ಲಿದ್ದೆ, ಮೆಟ್ರೋ ಹತ್ತೇ ಇರ್ಲಿಲ್ಲ. ಹಾಸನದಲ್ಲಿ ಕೂತಿರೋ ಹುಡುಗ ಬೆಂಗಳೂರು ಮೆಟ್ರೋ ಬೋರ್ಡ್ ಬಗ್ಗೆ ಯಾವ ಬೀದಿಲಿ ಹೋಗಿ ಧರಣಿ ಮಾಡ್ಬೇಕು ಹೇಳಿ?

ಹೊರಗಿಂದ ನೋಡೋರಿಗೆ ಟ್ರೆಂಡ್ ಅಂದ್ರೆ ತಾನಾಗೇ ಆಗೋದು ಅನ್ಸುತ್ತೆ. ಇಲ್ಲ ಸ್ವಾಮಿ, ಅದ್ರಲ್ಲೂ ದುಡಿಮೆ ಇದೆ. ದಿನಾ ಸ್ವಲ್ಪ ಸ್ವಲ್ಪ ಬರೆದ್ರೆ ಟ್ರೆಂಡ್ ಆಗಲ್ಲ, ಒಂದೇ ಸಲಕ್ಕೆ ಏರಿದ್ರೆ ಮಾತ್ರ ಅಲ್ಗಾರಿದಂ ಎತ್ತುತ್ತೆ. ಅದಕ್ಕೆ ಟ್ಯಾಗ್ ಏನು ಅಂತ ಮೊದಲೇ ಹೇಳಲ್ಲ, ಸಂಜೆ ಆರಕ್ಕೆ ಅಂತ ಟೈಮ್ ಮಾತ್ರ ಹೇಳೋದು, ಆರಕ್ಕೆ ಸರಿಯಾಗಿ ಗ್ರೂಪಲ್ಲಿ ಬಿಡೋದು. ಎಲ್ರೂ ಒಂದೇ ಸಾಲು ಕಾಪಿ ಪೇಸ್ಟ್ ಮಾಡಿದ್ರೆ ಸ್ಪ್ಯಾಮ್ ಅಂತ ಎತ್ತಾಕುತ್ತೆ, ಅದಕ್ಕೆ ನಿಮ್ ಮಾತಲ್ಲೇ ಬರೀರಿ ಅಂತ ಗೋಗರೀಬೇಕು. ಒಬ್ಬ ಫೋಟೋ ಹುಡುಕ್ತಾನೆ, ಒಬ್ಬ ಆರ್‌ಟಿಐ ಉತ್ತರ ಸ್ಕ್ಯಾನ್ ಮಾಡ್ತಾನೆ, ಒಬ್ಬ ಇಂಗ್ಲಿಷಲ್ಲಿ ಬರೀತಾನೆ ಯಾಕಂದ್ರೆ ದೆಹಲಿ ಚಾನೆಲ್‌ನವ್ರಿಗೆ ಅರ್ಥ ಆಗ್ಬೇಕಲ್ಲ.

ಆಮೇಲೆ ಏನಾಯ್ತು ನೋಡಿ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಮೆಟ್ರೋದವ್ರಿಗೆ ನೋಟಿಸ್ ಕೊಡ್ತು. ಜುಲೈ ಶುರುವಲ್ಲಿ ಮೆಜೆಸ್ಟಿಕ್, ಚಿಕ್ಕಪೇಟೆ ಸ್ಟೇಷನ್ನಲ್ಲಿ ಹಿಂದಿ ಅಕ್ಷರಕ್ಕೆ ಟೇಪ್ ಅಂಟ್ಸಿದ್ರು. ಕರವೇ ಹುಡುಗ್ರು ಬೋರ್ಡಿಗೆ ಮಸಿ ಬಳಿದ್ರು, ಕೇಸ್ ಹಾಕಿಸ್ಕೊಂಡ್ರು. ಜುಲೈ ಕೊನೇಲಿ ಸಿದ್ದರಾಮಯ್ಯನವ್ರು ಕೇಂದ್ರದ ನಗರಾಭಿವೃದ್ಧಿ ಸಚಿವರಿಗೆ ಪತ್ರ ಬರೆದ್ರು. ಮಸಿ ಬಳಿದೋರ ಪಾಲು ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಭಾಷೆ ವಿಷ್ಯ ಅಂದ್ರೆ ಬರೀ ಗೂಂಡಾಗಿರಿ ಅಂತ ಟಿವಿಲಿ ತೋರ್ಸೋ ಕಾಲ ಅದು, ಆ ಮಾತನ್ನ ಹಕ್ಕಿನ ಮಾತು ಅಂತ ತಿರುಗ್ಸಿದ್ದು ಟ್ಯಾಗು.

ಕೆಂಪುಬಸ್ಸು
ಟೇಪ್ ಅಂಟ್ಸಿದ್ದು ಮಸಿ ನೋಡಿ ತಮ್ಮಾ, ನಿನ್ ಟ್ವೀಟ್ ನೋಡಿ ಅಲ್ಲ.

ಟ್ರೆಂಡು_ತಮ್ಮ
ಟೇಪ್ ಬಂದಿದ್ದು ಮೊದಲು, ಮಸಿ ಆಮೇಲೆ ಅಣ್ಣಾ. ತಾರೀಕು ನೋಡ್ಕೊಂಡು ಬಾ.

ಮಲಪ್ರಭಾ_ದಂಡಿ
ನೀವು ಬೆಂಗಳೂರಿನವ್ರು ಎರಡು ದಿನ, ಎರಡು ತಿಂಗಳು ಅಂತ ಲೆಕ್ಕ ಹಾಕ್ಲಿಕ್ಕತ್ತೀರಿ. ನಮ್ಮ ನರಗುಂದದಾಗ ಮಹದಾಯಿ ನದಿ ನೀರಿನ ಸಲುವಾಗಿ 2015ರ ಜುಲೈ 16ಕ್ಕ ಟೆಂಟ್ ಹಾಕಿ ಕುಂತ್ರು, ವರ್ಷಗಟ್ಟಲೆ ಎದ್ದಿಲ್ರಿ. ಬಿತ್ತೋ ಕಾಲಕ್ಕ ಪಾಳಿ ಪ್ರಕಾರ ಕುಂಡ್ರೋದು, ಇವತ್ತು ಈ ಊರಿನವ್ರು ನಾಳೆ ಆ ಊರಿನವ್ರು. ಮನ್ಯಾಗಿಂದ ರೊಟ್ಟಿ ಶೇಂಗಾ ಚಟ್ನಿ ಕಟ್ಟಿಸ್ಕೊಂಡು ಬರೋದು, ಸಂಜೀಕ ಹೋಗೋದು. ನಮ್ಮ ಕಾಕಾ ಟೆಂಟಿನ್ಯಾಗಿನ ಹಾಜರಿ ಪುಸ್ತಕ ನೋಡ್ಕೋತಿದ್ರು. ಹೌದ್ರಿ, ಹಾಜರಿ ಪುಸ್ತಕ. ಯಾವ ಊರಿಂದ ಎಷ್ಟು ಮಂದಿ ಬಂದ್ರು ಅಂತ ದಿನಾ ಬರಿಯೋದು, ಯಾಕಂದ್ರ ನಾಳೆ ಒಬ್ಬ ಮಂತ್ರಿ ಬಂದು ಇಲ್ಲಿ ಯಾರೂ ಇಲ್ಲಲ್ಲೋ ಅಂದ್ರ ತೋರಸಾಕ ಬೇಕಲ್ಲ.

ಮಹದಾಯಿ ನ್ಯಾಯಮಂಡಳಿ 2016ರ ಜುಲೈದಾಗ ನಮ್ಮ ಮಧ್ಯಂತರ ಅರ್ಜಿ ತಳ್ಳಿಹಾಕ್ತು. ಮಂದಿ ಸಿಟ್ಟಿಗೆದ್ರು. ಆಮ್ಯಾಲೆ ಪೊಲೀಸರು ನವಲಗುಂದ ತಾಲೂಕಿನ ಯಮನೂರಿಗೆ ನುಗ್ಗಿ ಮನಿ ಹೊಕ್ಕು ಹೊಡದ್ರು, ಮುದುಕ್ರು ಹೆಣಮಕ್ಳು ಅಂತ ನೋಡ್ಲಿಲ್ಲ. ಆ ವಿಡಿಯೋ ಮೊಬೈಲಿನ್ಯಾಗ ತಿರಗ್ಯಾಡಿ ಟಿವಿಗೆ ಬಂದ ಮ್ಯಾಲೇ ಬೆಂಗಳೂರಿಗೆ ಯಮನೂರು ಅಂತ ಒಂದು ಊರು ಐತಿ ಅಂತ ಗೊತ್ತಾತು. ಒಂದು ವರ್ಷ ಶಾಂತ ಕುಂತಾಗ ಯಾರಿಗೂ ಬ್ಯಾಡಾಗಿದ್ವಿ, ಹೊಡಿಸ್ಕೊಂಡ ದಿನ ಟ್ರೆಂಡ್ ಆದ್ವಿ. ಇದನ್ನ ಟ್ರೆಂಡು ತಮ್ಮಾ ಅವ್ರು ಹೆಂಗ ತಿಳ್ಕೋತಾರ ನೋಡೋಣ.

ಸಿನಿಮಾದವ್ರೂ ಬಂದ್ರು, ಭಾಷಣ ಮಾಡಿದ್ರು, ಹೋದ್ರು. ತಪ್ಪು ಅನ್ನೂದಿಲ್ಲ, ಬಂದದ್ದಕ್ಕ ನಾಲ್ಕು ಮಂದಿ ಕಿವಿಗೆ ಬಿತ್ತು. 2018ರ ಆಗಸ್ಟ್‌ದಾಗ ತೀರ್ಪು ಬಂತು, ಕರ್ನಾಟಕಕ್ಕ 13.42 ಟಿಎಂಸಿ, 2020ರ ಫೆಬ್ರವರಿದಾಗ ಗೆಜೆಟ್ ಆತು. ಕಾಗದದ ಮ್ಯಾಗ ಗೆದ್ವಿ. ಕಳಸಾ ಬಂಡೂರಿ ಹಳ್ಳದ ನೀರು ಇನ್ನೂ ಮಲಪ್ರಭಾಕ್ಕ ಬಂದಿಲ್ಲ. ಹಂಗಾಗಿ ಬೀದಿಗೆ ಇಳದ್ರ ಗೆಲ್ತೀವಿ ಅನ್ನೋ ಕೆಂಪುಬಸ್ಸಿನವ್ರ ಮಾತೂ ನನಗ ಪೂರ್ತಿ ಒಪ್ಪಿಗಿ ಇಲ್ರಿ.

ಬಂದರು_ರೋಡ್
ಎಲ್ಲರೂ ಓದಿದೆ. ಒಂದು ಮಾತು ಯಾರೂ ಹೇಳ್ಲಿಲ್ಲ ಅಂತ ಅನ್ನಿಸ್ತು, ಹೇಳ್ತೇನೆ.

ಬೀದಿ ಬೀದಿ ಅಂತೀರಲ್ಲ, ಬೀದಿಗೆ ಬರ್ಲಿಕ್ಕೇ ಆಗದ ವಿಷಯ ಎಷ್ಟು ಉಂಟು ಗೊತ್ತುಂಟಾ ಮಾರಾಯ್ರೆ? 2018ರ ಅಕ್ಟೋಬರಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ಮೀಟೂ ಬಂದಾಗ ನಮ್ಮ ಚಿತ್ರರಂಗದಲ್ಲೂ ನಟಿಯೊಬ್ಬರು ಹೆಸರು ಹಾಕಿ ಹೇಳಿದ್ರು. ಅವರಿಗೆ ಆಮೇಲೆ ಎಷ್ಟು ಕೆಲಸ ಹೋಯ್ತು, ಎಷ್ಟು ಬೈಗುಳ ಬಂತು ಎಲ್ಲರಿಗೂ ಗೊತ್ತೇ ಉಂಟು. ಆ ವಾರ ನಾನು ಕೆಲಸ ಮಾಡ್ತಿದ್ದ ಕಡೆ ನಮ್ಮ ಡಿಪಾರ್ಟ್‌ಮೆಂಟಿನ ಹುಡುಗಿಯರು ಊಟದ ಹೊತ್ತಲ್ಲಿ ಫೋನ್ ನೋಡ್ತಾ ಕೂತವರು ಮೆಲ್ಲ ಮೆಲ್ಲ ಒಬ್ಬೊಬ್ಬರೇ ಮಾತಾಡಿದ್ರು. ಮೂರು ಜನ ಒಬ್ಬನದ್ದೇ ಹೆಸರು ಹೇಳಿದ್ರು. ಅಷ್ಟು ವರ್ಷ ಒಂದೇ ಟೇಬಲಲ್ಲಿ ಊಟ ಮಾಡಿ ಒಬ್ಬರಿಗೊಬ್ಬರು ಹೇಳಿರಲಿಲ್ಲ. ಇದಕ್ಕೆ ಯಾವ ಮೆರವಣಿಗೆ ಮಾಡ್ತೀರಿ, ಯಾವ ಬ್ಯಾನರ್ ಹಿಡೀತೀರಿ ಹೇಳಿ.

ಇನ್ನು ಸಂಜೆ ಆರರ ಮೇಲೆ ಮನೆಯಿಂದ ಹೊರಗೆ ಬಿಡದವರು, ವೀಲ್‌ಚೇರಲ್ಲಿ ಇರುವವರು, ಸಣ್ಣ ಮಗು ಇರುವವರು, ಇವರೆಲ್ಲ ಸೋಫಾ ಹೋರಾಟಗಾರರಾ? ಕೆಂಪುಬಸ್ಸು ಅವರ ಮಾತು ಕೇಳಿದ್ರೆ ಹೋರಾಟ ಅಂದ್ರೆ ಮೂವತ್ತು ವರ್ಷದ ಗಂಡಸಿನ ಕೆಲಸ ಅಂತ ಆಗ್ತದೆ.

ಕೆಂಪುಬಸ್ಸು
ಮೇಡಂ ನಾನು ಹಾಗೆ ಹೇಳ್ಲಿಲ್ಲ, ಗಾರ್ಮೆಂಟ್ಸ್ ಹೆಂಗಸರೇ ಅಲ್ವಾ ಮೊದಲ ಉದಾಹರಣೆ. ಆಶಾ ಕಾರ್ಯಕರ್ತೆಯರನ್ನ ನೋಡಿ, 2025 ಜನವರಿ 7ರಿಂದ 10ರವರೆಗೆ ಫ್ರೀಡಂ ಪಾರ್ಕಲ್ಲಿ ಹಗಲೂ ರಾತ್ರಿ ಕೂತ್ರು. ಗುಲಾಬಿ ಸೀರೆ, ಆ ಚಳೀಲಿ ನೆಲದ ಮೇಲೆ ಚಾಪೆ, ಪಕ್ಕದಲ್ಲೇ ಮಗು ಮಲಗ್ಸಿಕೊಂಡು. ಕೊನೆಗೆ ಸಿಎಂ ಕರೆದು ತಿಂಗಳಿಗೆ 10,000 ಅಂತ ಒಪ್ಕೊಂಡ್ರು. ಟ್ವೀಟ್ ಮಾಡಿ ಕೂತಿದ್ರೆ ಒಪ್ತಿದ್ರಾ?

ಬಂದರು_ರೋಡ್
ಒಪ್ಪಿದ್ದು ಕೈಗೆ ಬರ್ಲಿಲ್ಲ ಅಂತ ಅದೇ ವರ್ಷ ಮತ್ತೆ ಧರಣಿಗೆ ಕೂರಬೇಕಾಯ್ತಲ್ಲ ಅವರು. ಅದನ್ನೂ ಹೇಳಿ.

ನೀಲಿ_ಸೈಕಲ್
ಫ್ರೀಡಂ ಪಾರ್ಕ್ ಅಂದಿದ್ದಕ್ಕೆ ಒಂದು ವಿಷ್ಯ. ಮುಂಚೆ ಟೌನ್ ಹಾಲ್ ಮೆಟ್ಲು, ಮೈಸೂರು ಬ್ಯಾಂಕ್ ಸರ್ಕಲ್, ಮೌರ್ಯ ಸರ್ಕಲ್ ಗಾಂಧಿ ಪ್ರತಿಮೆ, ಎಲ್ಲಿ ಬೇಕಾದ್ರೂ ನಿಲ್ಲಬಹುದಿತ್ತು. ಟೌನ್ ಹಾಲ್ ಮುಂದೆ ನಿಂತ್ರೆ ಸಿಗ್ನಲ್‌ನಲ್ಲಿ ನಿಂತ ಬಸ್ಸಲ್ಲಿರೋರು ಬೋರ್ಡ್ ಓದೋರು, ಆಟೋದವ್ರು ಏನ್ ಸಾರ್ ವಿಷ್ಯ ಅಂತ ಕೇಳೋರು. 2021ರ ಆದೇಶ ಬಂದ್ಮೇಲೆ ಫ್ರೀಡಂ ಪಾರ್ಕ್ ಬಿಟ್ಟು ಬೇರೆಲ್ಲೂ ಇಲ್ಲ. ಹಳೇ ಸೆಂಟ್ರಲ್ ಜೈಲು ಅದು, ಒಳಗೆ ಕೂಗಿದ್ರೆ ಕೇಳ್ಸೋದು ಒಳಗಿರೋ ಬೇರೆ ಪ್ರತಿಭಟನೆಯವ್ರಿಗೆ. ಈ ಮೂಲೇಲಿ ಅತಿಥಿ ಉಪನ್ಯಾಸಕರು, ಆ ಮೂಲೇಲಿ ಪಿಂಚಣಿಯವ್ರು, ಮಧ್ಯ ಟೀ ಮಾರೋನು. ಎಲ್ಲರ ಮೈಕೂ ಒಟ್ಟಿಗೆ. ಪೊಲೀಸರಿಗೆ ಅರ್ಜಿ ಕೊಟ್ಟು, ಎಷ್ಟು ಜನ ಎಷ್ಟು ಹೊತ್ತು ಅಂತ ಬರ್ದುಕೊಟ್ಟು, ಒಳಗೆ ಹೋಗಿ ಕೂಗಿ ಬರೋದು. ದಾರೀಲಿ ಹೋಗೋರ ಕಣ್ಣಿಗೇ ಬೀಳದ ಪ್ರತಿಭಟನೆ ಕಾಣಿಸ್ಬೇಕು ಅಂದ್ರೆ ಅದರ ಫೋಟೋ ಆನ್‌ಲೈನ್‌ಗೆ ಹಾಕ್ಲೇಬೇಕು. ಬೀದಿನೇ ಒಳಗೆ ತಳ್ಳಿದ್ಮೇಲೆ ಬೀದಿ ದೊಡ್ಡದಾ ಟ್ಯಾಗ್ ದೊಡ್ಡದಾ ಅನ್ನೋ ಜಗಳ ನಂಗೆ ಸ್ವಲ್ಪ ತಮಾಷೆ ಅನ್ಸುತ್ತೆ.

ದೂರದೂರಿನವ
ನ್ಯೂಜೆರ್ಸಿಯಿಂದ. ನಮ್ಮಂಥೋರು ಮಾಡೋದು ಸಹಿ ಹಾಕೋದು, ಶೇರ್ ಮಾಡೋದು, ಕೇಳಿದ್ರೆ ದುಡ್ಡು ಕಳ್ಸೋದು. ನಾಚಿಕೆ ಏನಿಲ್ಲ. ಆದ್ರೆ ಒಂದು ಸತ್ಯ ಹೇಳ್ಬೇಕು, ಆನ್‌ಲೈನ್ ಪಿಟಿಷನ್‌ಗೆ ಸಹಿ ಹಾಕಿದ ಮೇಲೆ ಆ ವಿಷ್ಯ ಏನಾಯ್ತು ಅಂತ ತಿರುಗಿ ನೋಡಿದ್ದು ತುಂಬಾ ಕಮ್ಮಿ. ಸಹಿ ಹಾಕಿದ ತಕ್ಷಣ ಮನಸ್ಸಿಗೆ ಕೆಲಸ ಮುಗೀತು ಅನ್ಸಿಬಿಡುತ್ತೆ.

ರಾಗಿಹೊಲ
ದೇವನಹಳ್ಳಿ ಕಡೆಯೋನು ನಾನು. ಚನ್ನರಾಯಪಟ್ಟಣ ಹೋಬಳಿ ವಿಷ್ಯ ಯಾರೂ ತೆಗೀಲಿಲ್ಲ ಅಂತ ಬರೀತಿವ್ನಿ.

13 ಹಳ್ಳಿ, 1,777 ಎಕರೆ. ಕೈಗಾರಿಕೆಗೆ ಜಾಗ ಮಾಡ್ಕೊಡೋ ಸರ್ಕಾರದ ಮಂಡಳಿ ಕೆಐಎಡಿಬಿಯವ್ರು ಏರೋಸ್ಪೇಸ್ ಪಾರ್ಕ್ ಅಂತ ನೋಟಿಸ್ ಕೊಟ್ರು. 2022ರ ಏಪ್ರಿಲ್‌ನಾಗೆ ನಾಡಕಚೇರಿ ಮುಂದೆ ಕೂತ್ರು ಜನ. ದ್ರಾಕ್ಷಿ, ತರಕಾರಿ, ರೇಷ್ಮೆ, ಹೂವು ಬೆಳೆಯೋ ಭೂಮಿ ಅದು, ಒಂದೊಂದು ಮನೇಗೂ ಎಕರೆ ಎರಡೆಕರೆ. ಬೆಳಿಗ್ಗೆ ಹಸ ಕರ್ದು ಡೈರಿಗೆ ಹಾಲು ಹಾಕಿ ಬಂದು ಕೂರೋದು, ಸಾಯಂಕಾಲ ಮತ್ತೆ ಹಾಲಿನ ಟೈಮ್‌ಗೆ ಎದ್ದು ಹೋಗೋದು. ಮೂರು ವರ್ಷದ ಮೇಲೆ ಇಂಗೇ. ಆ ಪಕ್ಷದ ಸರ್ಕಾರ ಹೋಯ್ತು, ಈ ಪಕ್ಷದ ಸರ್ಕಾರ ಬಂತು, ಹಿಂದೆ ನಮ್ಮ ಪರ ಮಾತಾಡಿದೋರು ಕುರ್ಚಿ ಮೇಲೆ ಕೂತ್ಮೇಲೆ ನೋಡೋಣ ಅಂದ್ರು.

2025 ಜೂನ್ 25ಕ್ಕೆ ದೇವನಹಳ್ಳಿ ಚಲೋ ಮಾಡಿದ್ರು, ಪೊಲೀಸರು ಎಳ್ಕೊಂಡು ಹೋಗಿ ವ್ಯಾನಿಗೆ ತುಂಬಿದ್ರು. ಅವತ್ತಿಂದ ನೋಡಿ ಫೋನಲ್ಲೆಲ್ಲಾ ದೇವನಹಳ್ಳಿ. ಪ್ರಕಾಶ್ ರಾಜ್ ಬಂದ್ರು, ಸಾಹಿತಿಗಳು ಬಂದ್ರು, ದಲಿತ ಸಂಘಟನೆ, ಕಾರ್ಮಿಕ ಸಂಘಟನೆ ಎಲ್ಲಾ ಒಂದಾದ್ರು. ಜುಲೈ 15ಕ್ಕೆ ಸಿಎಂ ಭೂಸ್ವಾಧೀನ ಕೈಬಿಟ್ಟಿದೀವಿ ಅಂದ್ರು. ಜೂನ್ 25ರಿಂದ ಜುಲೈ 15, ಮೂರೇ ವಾರ. ಈಗ ಯಾರಾದ್ರೂ ನೋಡಿದ್ರೆ ಏನಂತಾರೆ? ಸೋಷಿಯಲ್ ಮೀಡಿಯಾ ಬಂತು ಮೂರು ವಾರದಲ್ಲಿ ಗೆದ್ರು ಅಂತಾರೆ. ಆ ಮೂರು ವಾರದಲ್ಲಿ ಟ್ವೀಟ್ ಮಾಡೋಕೆ ವಿಷ್ಯ ಇದ್ದಿದ್ದು ಮೂರು ವರ್ಷ ಅಲ್ಲಿ ಯಾರೋ ಕೂತಿದ್ರಿಂದ ಕಣಣ್ಣಾ. ಟೆಂಟ್ ಎತ್ತಿಬಿಟ್ಟಿದ್ರೆ ಅಷ್ಟೊತ್ತಿಗೆ ಕಾಂಪೌಂಡ್ ಎದ್ದಿರೋದು.

ಅಂಗಂತ ಆ ಫೋನ್‌ನೋರನ್ನ ಕಡೆಗಣಿಸಲ್ಲ ನಾನು. ಪೊಲೀಸ್ನೋರು ಎಳೆದಾಡೋದನ್ನ ಲೈವ್ ಮಾಡಿದ್ದು ನಮ್ಮೂರ ಪಿಯುಸಿ ಹುಡುಗ್ರೇ. ಅವ್ರ ತಾತಂದ್ರು ಟೆಂಟಲ್ಲಿ, ಮೊಮ್ಮಕ್ಕಳು ಮೊಬೈಲಲ್ಲಿ.

ಬೊಮ್ಮನಹಳ್ಳಿ_ಹುಡುಗ
ರಾಗಿಹೊಲ ಅಣ್ಣ, ನನ್ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉತ್ತರ ಸಿಗಲ್ಲ ಅನ್ಸುತ್ತೆ. ಆದ್ರೂ ಇನ್ನೊಂದು ಹೇಳ್ತೀನಿ, ನಿಮ್ ಕಡೆ ಟೆಂಟ್ ಇತ್ತು, ಸಂಘಟನೆ ಇತ್ತು, ಗೆದ್ದಮೇಲೆ ಮಾತಾಡೋಕೆ ಮುಖ ಇತ್ತು. ಏಪ್ರಿಲ್ 2016ರಲ್ಲಿ ಅದೂ ಇರ್ಲಿಲ್ಲ. ಬುಧವಾರದಿಂದ ಎಲ್ರೂ ವಾಪಸ್ ಮಿಷಿನ್ ಹತ್ರ. ಟಾರ್ಗೆಟ್ ಹಂಗೇ ಇತ್ತು, ಸೂಪರ್‌ವೈಸರ್ ಬೈಗುಳ ಹಂಗೇ ಇತ್ತು, ಸಂಬಳದ ಮಾತು ಎತ್ತೋಕೆ ಆಗ್ಲೇ ಇಲ್ಲ. ಅಷ್ಟು ಜನ ಸೇರಿದ ಶಕ್ತಿ ಒಂದು ರೂಲ್ ವಾಪಸ್ ತರಿಸಿ ಆವಿ ಆಗೋಯ್ತು. ಟ್ರೆಂಡ್ ಒಂದೇ ದಿನಕ್ಕೆ ಸತ್ತೋಗುತ್ತೆ ಅಂತೀವಲ್ಲ, ಬೀದಿನೂ ಹಂಗೇ ಸಾಯುತ್ತೆ. ಮಾರನೇ ದಿನಕ್ಕೆ ಯಾರು ಯಾರಿಗೆ ಫೋನ್ ಮಾಡ್ಬೇಕು ಅನ್ನೋ ಪಟ್ಟಿ ಇದ್ರೆ ಮಾತ್ರ ಉಳಿಯುತ್ತೆ, ಆ ಪಟ್ಟಿ ಹಾಜರಿ ಪುಸ್ತಕದಲ್ಲಿದ್ರೂ ಸರಿ ವಾಟ್ಸಾಪಲ್ಲಿದ್ರೂ ಸರಿ.

ಸಿರ್ಸಿ_ಮಳೆ
ವಯಸ್ಸಾದವನ ನಾಲ್ಕು ಮಾತು. 1983ರ ಸೆಪ್ಟೆಂಬರಲ್ಲಿ ನಮ್ಮ ಸಾಲ್ಕಣಿ ಕಡೆ ಕಾಡಲ್ಲಿ ಮರ ಅಪ್ಪಿಕೊಂಡು ನಿಂತರಲ್ಲ, ಅಪ್ಪಿಕೋ, ಅದು ಬರೀ ಅಪ್ಪಿಕೊಂಡಿದ್ದಲ್ಲ ಮಾರಾಯ್ರೇ. ಪಾಂಡುರಂಗ ಹೆಗಡೆ ಮತ್ತೆ ಊರ ಹುಡುಗರು ಕಾಡೊಳಗಿನ ಹಳ್ಳಿಹಳ್ಳಿಗೆ ಪಾದಯಾತ್ರೆ ಮಾಡಿದ್ರು, ಸ್ಲೈಡ್ ಶೋ ತೋರಿಸಿದ್ರು, ಬೀದಿ ನಾಟಕ ಆಡಿದ್ರು. ಚಿಪ್ಕೋ ಚಳವಳಿಯ ಸುಂದರಲಾಲ ಬಹುಗುಣರು ಬಂದು ಮಾತಾಡಿ ಹೋಗಿದ್ರು. ಅಂದ್ರೆ ಆಗ್ಲೂ ಪ್ರಚಾರ ಬೇಕಿತ್ತು, ಫೋಟೋ ಬೇಕಿತ್ತು, ಪೇಪರಲ್ಲಿ ಬರಬೇಕಿತ್ತು. ಗೋಕಾಕ್ ಚಳವಳಿನೂ ಹಾಗೇ, ಮೊದಲು ಧಾರವಾಡದಲ್ಲಿ ಸಾಹಿತಿಗಳು ಕೂತಾಗ ಸರ್ಕಾರ ತಲೆ ಕೆಡಿಸ್ಕೊಳ್ಳಲಿಲ್ಲ, 1982ರಲ್ಲಿ ರಾಜ್‌ಕುಮಾರ್ ಬಂದ ಮೇಲೆ ಊರೂರಲ್ಲಿ ಜನಸಾಗರ. ಪ್ರಚಾರ ಬೇರೆ ಹೋರಾಟ ಬೇರೆ ಅಂತ ಯಾವ ಕಾಲದಲ್ಲೂ ಇರಲಿಲ್ಲ. ಆಗ ಪ್ರಚಾರ ಮಾಡಬೇಕು ಅಂದ್ರೆ ಕಾಲು ಸವೆಸಬೇಕಿತ್ತು, ಕಾಲು ಸವೆಸುವಾಗ ದಾರಿಯಲ್ಲಿ ಜನರ ಪರಿಚಯ ಆಗ್ತಿತ್ತು, ಯಾರ ಮನೆಯಲ್ಲೋ ಅವಲಕ್ಕಿ ಮಜ್ಜಿಗೆ ಕುಡಿದು ಮುಂದೆ ಹೋಗೋದು, ಮುಂದಿನ ಸಲ ಅದೇ ಮನೆಯವ ಜೊತೆಗೆ ಬರ್ತಿದ್ದ. ಈಗ ಪ್ರಚಾರ ಸುಲಭ ಆಗಿದೆ, ಆ ಪರಿಚಯ ಆಗ್ತಾ ಇಲ್ಲ.

ಟ್ರೆಂಡು_ತಮ್ಮ
ಅಜ್ಜಾ ಒಪ್ಪಿದೆ. ಆದ್ರೆ ಆನ್‌ಲೈನ್ ಅಂದ್ರೆ ರಿಸ್ಕ್ ಇಲ್ಲ ಅನ್ನೋ ಮಾತನ್ನ ಮಾತ್ರ ಒಪ್ಪಲ್ಲ. 2021 ಫೆಬ್ರವರಿ 13ಕ್ಕೆ ದೆಹಲಿ ಪೊಲೀಸರು ಬೆಂಗಳೂರಿಗೆ ಬಂದು ಪರಿಸರ ಹೋರಾಟಗಾರ್ತಿ ದಿಶಾ ರವಿನ ಮನೆಯಿಂದ ಕರ್ಕೊಂಡು ಹೋದ್ರಲ್ಲ, 22 ವರ್ಷದ ಹುಡುಗಿ, ರೈತ ಹೋರಾಟದ ಬಗ್ಗೆ ಒಂದು ಗೂಗಲ್ ಡಾಕ್ಯುಮೆಂಟ್ ತಿದ್ದಿದ್ದಕ್ಕೆ ರಾಜದ್ರೋಹ ಅಂತೆ. ಹತ್ತು ದಿನ ಆದ್ಮೇಲೆ ಕೋರ್ಟ್ ಬೇಲ್ ಕೊಡ್ತು. ಟೈಪ್ ಮಾಡೋದು ಅಷ್ಟು ಹಗುರದ ಕೆಲಸ ಆಗಿದ್ರೆ ವಿಮಾನ ಹತ್ಕೊಂಡು ಬಂದು ಹಿಡೀತಿದ್ರಾ? ಇನ್ನು ಒಂದು ಸಲ ಭಾಷೆ ಬಗ್ಗೆ ಬರೆದಿದ್ದಕ್ಕೆ ನನ್ ಆಫೀಸ್ ಎಚ್‌ಆರ್‌ಗೆ ಯಾರೋ ಸ್ಕ್ರೀನ್‌ಶಾಟ್ ಕಳ್ಸಿದ್ರು, ಆ ಕಥೆ ಬೇಡ ಬಿಡಿ.

ಕೆಂಪುಬಸ್ಸು
ಆಯ್ತಪ್ಪ ಲಾಠಿ ಬದ್ಲು ಎಚ್‌ಆರ್ ಇಟ್ಕೋ. ಆದ್ರೆ ದುಡ್ಡು ಕೊಟ್ರೆ ಟ್ರೆಂಡ್ ಮಾಡ್ಸೋರು ಇದಾರಲ್ಲ, ಪಾರ್ಟಿಗಳ ಐಟಿ ಸೆಲ್‌ನೋರು ದಿನಾ ಬೆಳಿಗ್ಗೆ ಒಂದು ಟ್ಯಾಗ್ ಬಿಡ್ತಾರೆ. ಅಂಥಾ ಸಂತೇಲಿ ನಿನ್ ಟ್ಯಾಗ್ ಅಸಲಿ ಅಂತ ನೋಡೋನಿಗೆ ಹೆಂಗೆ ಗೊತ್ತಾಗ್ಬೇಕು?

ಮಲಪ್ರಭಾ_ದಂಡಿ
ಲಾರಿ ತುಂಬ ಮಂದಿ ತಂದು ಬಿರಿಯಾನಿ ಪೊಟ್ಣ ಕೊಟ್ಟು ಸಮಾವೇಶ ಮಾಡೋದೂ ಐತಲ್ರಿ. ಬೀದಿ ಏನು ಭಾಳ ಅಸಲಿ?

ಕೆಂಪುಬಸ್ಸು
😂 ಅದಕ್ಕೆ ನನ್ ಹತ್ರ ಉತ್ತರ ಇಲ್ಲ ಕಾಕಾ.

ಮಾಗಡಿರೋಡ್_ಅಕ್ಕ
ಎಲ್ರೂ ದೊಡ್ ದೊಡ್ ಹೋರಾಟ ಹೇಳ್ತಿದೀರ, ನಂದು ಚಿಕ್ಕದು. ನಮ್ಮ ಏರಿಯಾದಲ್ಲಿ ಬಸ್ ಸ್ಟಾಪ್ ಶೆಲ್ಟರ್‌ನ ಕೆಲಸ ಇದೆ ಅಂತ ಕಿತ್ರು, ವಾಪಸ್ ಹಾಕಿಲ್ಲ, ಮಳೇಲಿ ಸ್ಕೂಲ್ ಮಕ್ಳು ಅಂಗಡಿ ಶೆಟರ್ ಕೆಳಗೆ ನಿಲ್ತಾರೆ. ಟ್ವಿಟ್ಟರ್‌ನಲ್ಲಿ ಸಂಬಂಧಪಟ್ಟೋರನ್ನ ಟ್ಯಾಗ್ ಮಾಡ್ದೆ, ನಿಮ್ಮ ದೂರು ನೋಂದಾಯಿಸಲಾಗಿದೆ ಅಂತ ಒಂದು ನಂಬರ್ ಬಂತು, ಆಮೇಲೆ ಕೆಲಸ ಆಗ್ದೇನೇ ದೂರು ಕ್ಲೋಸ್ ಅಂತ ಬಂತು. ಏನ್ ಮಾಡ್ಲಿ?

ನೀಲಿ_ಸೈಕಲ್
ಮೇಡಂ, ಆ ಕ್ಲೋಸ್ ಆಗಿರೋ ಮೆಸೇಜ್ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ತುಂಬಾ ಕೆಲಸಕ್ಕೆ ಬರುತ್ತೆ. ಅದನ್ನ ಹಾಕಿ ಆರ್‌ಟಿಐಲಿ ಎರಡೇ ಪ್ರಶ್ನೆ ಕೇಳಿ: ಶೆಲ್ಟರ್ ಕೀಳೋಕೆ ಆದೇಶ ಯಾರ್ದು, ವಾಪಸ್ ಹಾಕೋ ಕೆಲಸ ಯಾರ ಹೆಸರಲ್ಲಿದೆ. ಉತ್ತರಕ್ಕೆ 30 ದಿನ ಟೈಮ್ ಇರುತ್ತೆ. ಅಲ್ಲಿವರೆಗೆ ಟ್ವೀಟ್ ಬಿಡಿ, ಸಹಿ ಸಂಗ್ರಹ ಮಾಡಿ.

ಸಿರ್ಸಿ_ಮಳೆ
ಸಹಿ ಮನೆಮನೆಗೆ ಹೋಗಿ ಬೇಡ ತಂಗಿ, ಆ ಸ್ಟಾಪಲ್ಲೇ ನಿಂತು ತಗೋ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ. ಅಲ್ಲಿ ದಿನಾ ನಿಲ್ಲುವವನಿಗೇ ಅದರ ಕಷ್ಟ.

ಬೊಮ್ಮನಹಳ್ಳಿ_ಹುಡುಗ
ಆ ಟೈಮಲ್ಲಿ ಮಾಗಡಿ ರೋಡಲ್ಲಿ ಗಾರ್ಮೆಂಟ್ಸ್‌ಗೆ ಹೋಗೋರೂ ಇರ್ತಾರೆ ಅಕ್ಕ, ಅವ್ರಿಗೆ ಪಂಚ್ ಟೈಮ್ ಅರ್ಜೆಂಟ್ ಇರುತ್ತೆ, ಬೆಳಿಗ್ಗೆ ನಿಲ್ಲಿಸ್ಬೇಡಿ, ಸಂಜೆ ಇಳಿಯೋವಾಗ ಕೇಳಿ. ಪೆನ್ನು ನಾಲ್ಕೈದು ಇಟ್ಕೊಳ್ಳಿ, ಒಂದೇ ಪೆನ್ನಾದ್ರೆ ಬಸ್ ಬಂತು ಅಂತ ಓಡಿಹೋಗ್ತಾರೆ.

ಮಾಗಡಿರೋಡ್_ಅಕ್ಕ
ಸರಿ ಸೋಮವಾರದಿಂದ ಶುರು ಮಾಡ್ತೀನಿ. ಸಹಿ ಜೊತೆ ಫೋನ್ ನಂಬರ್ ಕೇಳ್ಲಾ? ಕೊಡ್ತಾರಾ?

ರಾಗಿಹೊಲ
ಕೇಳಿ ಅಕ್ಕ. ಮಳೆ ಬರೋ ದಿನ ಕೇಳಿ, ಎಲ್ಲಾ ಕೊಡ್ತಾರೆ.

ಟ್ರೆಂಡು_ತಮ್ಮ
ಶೆಟರ್ ಕೆಳಗೆ ಮಕ್ಳು ನಿಂತಿರೋ ಫೋಟೋ ತೆಗೀರಿ, ಮುಖ ಬರದಂಗೆ ಹಿಂದಿಂದ. ಆರ್‌ಟಿಐ ಉತ್ತರ ಬಂದ ದಿನ ನಂಗೆ ಹೇಳಿ, ಟ್ಯಾಗ್ ನಾನು ಯೋಚ್ನೆ ಮಾಡ್ತೀನಿ. ಸಂಜೆ ಆರಕ್ಕೆ.

ಕೆಂಪುಬಸ್ಸು
ನಾನೂ ಅದೇ ರೂಟ್. ಸೋಮವಾರ ಸಂಜೆ ಸ್ಟಾಪಲ್ಲಿ ಸಿಗ್ತೀನಿ, ಎರಡು ಪೆನ್ನು ನಂದು.